ಚಿತ್ರ ಕಲಿಯಲು ಯಾರ ಪಕ್ಕ ಕೂರಬೇಕು? ಕಾಲೇಜು, ಕಿನ್ನಾಳ, ಬೋರ್ಡ್ ಅಂಗಡಿ, ಮೊಬೈಲ್

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗೆ ಯಾರಾದರೂ ಬಂದೇ ಬರುತ್ತಾರೆ. ಅಪ್ಪನ ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ, ಬೆನ್ನ ಹಿಂದೆ ನಾಚಿಕೊಂಡು ನಿಂತ ಮಗ ಅಥವಾ ಮಗಳು. "ಸರ್ರ, ಹುಡುಗ ಭಾಳ ಚಲೋ ಚಿತ್ರ ತಗೀತಾನ್ರಿ. ಮುಂದ ಏನ್ ಮಾಡಸೋದ್ರಿ?" ಕೊಪ್ಪಳ ಜಿಲ್ಲೆಯ ಹೈಸ್ಕೂಲುಗಳಲ್ಲಿ 26 ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಚೆಗೆ ಫೋನಿನಲ್ಲೂ ಕೇಳುತ್ತಾರೆ. ಬಳ್ಳಾರಿಯಿಂದ, ಸಿಂಧನೂರಿನಿಂದ, ಮಾನ್ವಿಯಿಂದ. ಕೆಲವರಿಗೆ ಹದಿನಾರು ವರ್ಷ, ಕೆಲವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂವತ್ತೈದು ದಾಟಿದವರು. ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕಡೆಯವರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಪಿಯುಸಿ ಮುಗಿಸಿ ದೃಶ್ಯಕಲಾ ಕಾಲೇಜಿಗೆ ಹೋಗುವುದು. ಮರದ ಗೊಂಬೆ ಮಾಡುವ ಕಿನ್ನಾಳದಂಥ ಊರಲ್ಲಿ ಪರಂಪರೆಯ ಕೆಲಸ ಕಲಿಯುವುದು. ಪೇಂಟರ್ ಒಬ್ಬರ ಅಂಗಡಿಯಲ್ಲಿ ಕೈಕೆಳಗೆ ಕೆಲಸ ಮಾಡುತ್ತ ಕಲಿಯುವುದು. ಇಲ್ಲವೇ ಮನೆಯಲ್ಲೇ ಮೊಬೈಲ್ ನೋಡಿಕೊಂಡು, ಸಂಜೆ ಕ್ಲಾಸಿಗೆ ಹೋಗಿ ಕಲಿಯುವುದು.

ಮೊದಲು ಅಳೆಯುವ ಕೋಲು

ದಾರಿ ನೋಡುವ ಮೊದಲು ಯಾವುದರಿಂದ ಅಳೆಯಬೇಕು ಅನ್ನೋದು ತಿಳಿದಿರಬೇಕು. ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ: ವಾರಕ್ಕೆ ಎಷ್ಟು ಗಂಟೆ ನೀವು ಕೆಲಸ ಬಲ್ಲವರ ಪಕ್ಕ ಕೂರುತ್ತೀರಿ? ಅವರು ನಿಮ್ಮ ಗೆರೆ ನೋಡಿ "ಇಲ್ಲಿ ತಪ್ಪಿದೆ" ಅಂತ ಅಲ್ಲೇ ಹೇಳುವಂತಿರಬೇಕು. ತಪ್ಪು ಗೆರೆ ಒಣಗುವ ಮೊದಲೇ ಅದು ತಪ್ಪು ಅಂತ ಗೊತ್ತಾಗಬೇಕು. ಒಂದು ವರ್ಷ ಆದಮೇಲೆ ಗೊತ್ತಾದರೆ ಕೈ ಅಷ್ಟರಲ್ಲಿ ಆ ತಪ್ಪಿಗೇ ಒಗ್ಗಿಹೋಗಿರುತ್ತದೆ.

ಹಿಂದಿನವರು ಕಲಿತದ್ದು ಹೀಗೇ. ಇಟಲಿಯ ಲಿಯೊನಾರ್ಡೊ ಡ ವಿಂಚಿ ಸುಮಾರು ಹದಿನಾಲ್ಕನೇ ವಯಸ್ಸಿಗೆ ಫ್ಲಾರೆನ್ಸಿನಲ್ಲಿ ವೆರೊಕಿಯೊ ಅನ್ನುವ ಕಲಾವಿದನ ಕಾರ್ಯಾಗಾರ ಸೇರಿದ. ಅಂಥ ಕಡೆ ಹುಡುಗರು ಮೊದಲು ಬಣ್ಣ ಅರೆಯಬೇಕು, ಹಲಗೆ ಹದ ಮಾಡಬೇಕು, ಆಮೇಲೆ ಗುರುವಿನ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಭಾಗ ಸಿಗುತ್ತಿತ್ತು. ನಮ್ಮ ಮೈಸೂರಿನ ಕೆ. ವೆಂಕಟಪ್ಪ (1886-1965) ಚಿತ್ರಗಾರ ಮನೆತನದಲ್ಲಿ ಹುಟ್ಟಿ ಕೈಯ ಹದವನ್ನು ಮನೆಯಲ್ಲೇ ಪಡೆದರು. ಆಮೇಲೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಮನೆಯ ಕಲಿಕೆ, ಕಾಲೇಜಿನ ಕಲಿಕೆ ಎರಡೂ ಸೇರಿದ ಬದುಕು ಅದು. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಎರಡನೆಯದು ದುಡ್ಡು. ಫೀಸು ಒಂದನ್ನೇ ಲೆಕ್ಕ ಹಾಕಬೇಡಿ. ಹಾಸ್ಟೆಲ್, ಊಟ, ಹಾಳೆ, ಬಣ್ಣ, ಬ್ರಷ್ ಎಲ್ಲ ಸೇರಿಸಿ. ಕಾಲೇಜಿನ ನಾಲ್ಕು ವರ್ಷ ಹುಡುಗ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯಲ್ಲ, ಅದೂ ಖರ್ಚೇ. ಮೂರನೆಯದು, ಕೊನೆಗೆ ಕೈಗೆ ಬರುವ ಕಾಗದ, ಅಂದರೆ ಸರ್ಟಿಫಿಕೇಟು, ನಿಮಗೆ ಬೇಕಾ ಬೇಡವಾ ಅನ್ನೋದು. ನಾಲ್ಕನೆಯದು ಸಾಮಗ್ರಿಯ ತಿಳಿವಳಿಕೆ: ಬಣ್ಣ ಯಾಕೆ ಬಿರುಕು ಬಿಡುತ್ತದೆ, ಯಾಕೆ ಮಾಸುತ್ತದೆ, ಗೋಡೆ ಯಾಕೆ ಬಣ್ಣ ಹಿಡಿಯಲ್ಲ ಅನ್ನುವುದು ಗೊತ್ತಿಲ್ಲದ ಕಲಾವಿದ ಅರ್ಧ ಕಲಾವಿದ.

ಕಾಲೇಜು: ಕಾಗದವೂ ಬೇಕು, ಕಣ್ಣೂ ತೆರೆಯಬೇಕು ಅನ್ನುವವರಿಗೆ

ಪಿಯುಸಿ ಆದಮೇಲೆ ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ನಾಲ್ಕು ವರ್ಷ. ಮೊದಲ ವರ್ಷ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್ (ಅಚ್ಚಿನ ಚಿತ್ರ), ಅನ್ವಯಿಕ ಕಲೆ ಅಂತ ಒಂದನ್ನು ಆರಿಸಿಕೊಳ್ಳಬೇಕು. ಮೈಸೂರಿನಲ್ಲಿ ಕಾವಾ (ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು), ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಧಾರವಾಡದಲ್ಲಿ ಸರ್ಕಾರಿ ಕಲಾ ಕಾಲೇಜು ಇವೆ. ಕಲಬುರಗಿಯಲ್ಲೂ ಹಳೆಯ ಕಲಾ ಕಾಲೇಜುಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗ ಇದೆ.

ಕಾಲೇಜಿನ ದೊಡ್ಡ ಲಾಭ ಅಂದರೆ ಜೀವಂತ ಮನುಷ್ಯನನ್ನು ಎದುರು ಕೂರಿಸಿಕೊಂಡು ಬರೆಯುವುದು. ನಮ್ಮ ಊರುಗಳಲ್ಲಿ ಬೇರೆ ಎಲ್ಲೂ ಇದು ಸಿಗಲ್ಲ. ಮುದುಕನೊಬ್ಬ ಎರಡು ಗಂಟೆ ಅಲುಗಾಡದೆ ಕೂತಿರುತ್ತಾನೆ. ಇಪ್ಪತ್ತು ಹುಡುಗರು ಇಪ್ಪತ್ತು ಕಡೆಯಿಂದ ಅವನನ್ನು ಬರೆಯುತ್ತಾರೆ. ಪಕ್ಕದವನ ಹಾಳೆಯಲ್ಲಿ ಅದೇ ಮುದುಕ ಬೇರೆ ಥರ ಕಂಡಾಗ ಆಗುವ ಕಲಿಕೆ ಇದೆಯಲ್ಲ, ಅದನ್ನು ಯಾವ ಪುಸ್ತಕವೂ ಕೊಡಲ್ಲ. ಮ್ಯೂಸಿಯಂ, ಪ್ರದರ್ಶನ, ಕಲೆಯ ಇತಿಹಾಸ, ಬೇರೆ ಊರಿನ ಗೆಳೆಯರು, ಇವೂ ಸಿಗುತ್ತವೆ.

ಕೊರತೆಯನ್ನೂ ಹೇಳಬೇಕು. ಒಬ್ಬ ಮೇಷ್ಟ್ರಿಗೆ ಹುಡುಗರು ಜಾಸ್ತಿ. ತಾನಾಗಿ ಹೋಗಿ "ಸರ್ ನೋಡಿ" ಅಂತ ಕೇಳುವ ಧೈರ್ಯ ಇದ್ದವನಿಗೆ ಪಕ್ಕದಲ್ಲಿ ಕೂರುವ ಗಂಟೆ ಸಿಗುತ್ತದೆ, ಹಿಂದಿನ ಬೆಂಚಿನಲ್ಲಿ ಕೂತವನಿಗೆ ಸಿಗಲ್ಲ. ನಮ್ಮ ಕಡೆಯಿಂದ ಹೋದ ಹುಡುಗರು ಮೊದಲ ವರ್ಷ ಭಾಷೆಗೆ, ಊರಿಗೆ ಹೆದರಿ ಸುಮ್ನೆ ಕೂತುಬಿಡುತ್ತಾರೆ. ಹೆತ್ತವರು ಇದನ್ನು ಮೊದಲೇ ಮಕ್ಕಳಿಗೆ ಹೇಳಿ ಕಳಿಸಬೇಕು.

ದೂರದ ಬಗ್ಗೆ ಚಿಂತೆ ಬೇಡ. ರಾತ್ರಿ ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಹಾಗೇ ಕೂತಿದ್ದರೆ ಮೈಸೂರು. ಸೀಟಿನ ವಿಷಯದಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿದ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಮೀಸಲಾತಿ ಇದೆ. ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಹಾಕುವ ಮೊದಲೇ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಮಾಡಿಸಿಟ್ಟುಕೊಳ್ಳಿ. ಯಾವ ಕಾಲೇಜಿನ ಯಾವ ಸೀಟಿಗೆ ಇದು ಅನ್ವಯಿಸುತ್ತದೆ ಅಂತ ಆ ಕಾಲೇಜಿನಲ್ಲೇ ಕೇಳಿ.

ಇನ್ನೊಂದು ಎಚ್ಚರಿಕೆ. ನನ್ನ ಬಳಿ ಕಲಿತ ಹುಡುಗಿಯೊಬ್ಬಳು "ಡಿಪ್ಲೊಮಾ" ಅಂತ ಬೋರ್ಡ್ ಹಾಕಿದ್ದ ಕಡೆ ಒಂದು ವರ್ಷ ಕಲಿತಳು. ಅವರಪ್ಪ ಎಮ್ಮೆ ಮಾರಿ ದುಡ್ಡು ಕಟ್ಟಿದ್ದರು. ಆಮೇಲೆ ನೋಡಿದರೆ ಆ ಸರ್ಟಿಫಿಕೇಟಿಗೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯೂ ಇರಲಿಲ್ಲ. ಆ ಕಾಗದ ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದ ದಿನ ನನಗೆ ಊಟ ಸೇರಲಿಲ್ಲ. ಹೋಗುವ ಮೊದಲು ನನ್ನನ್ನು ಕೇಳಿದ್ದಳು, ನಾನು "ಒಳ್ಳೇದಾಗಲಿ" ಅಂದಿದ್ದೆ, ವಿಚಾರಿಸಿರಲಿಲ್ಲ. ಆದ್ದರಿಂದ ಹೇಳುತ್ತೇನೆ: ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ಮೊದಲು ಕೇಳಿ, ಆ ವಿಶ್ವವಿದ್ಯಾಲಯದಲ್ಲೂ ಖಚಿತ ಮಾಡಿಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗುವ ಆಸೆ ಇದ್ದರೆ ಮಾನ್ಯತೆ ಇರುವ ಕಾಗದ ಇಲ್ಲದೆ ಆಗಲ್ಲ. ಹೈಸ್ಕೂಲಿನಲ್ಲಿರುವಾಗಲೇ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಬರೆದಿಟ್ಟರೆ ಕೈಗೂ ಒಳ್ಳೆಯದು. ಆದರೆ ಶಿಕ್ಷಕರ ಹುದ್ದೆಯೊಂದನ್ನೇ ನಂಬಿಕೊಂಡು ಕೂರಬೇಡಿ, ಕರೆಯುವುದು ಅಪರೂಪ. ಕೆಲಸದ ದೃಷ್ಟಿಯಿಂದ ಅನ್ವಯಿಕ ಕಲೆ ತೆಗೆದುಕೊಂಡವರಿಗೆ ದಾರಿ ಜಾಸ್ತಿ: ಜಾಹೀರಾತು, ಪುಸ್ತಕದ ಮುಖಪುಟ, ಅನಿಮೇಷನ್.

ಕಿನ್ನಾಳ

ಕೊಪ್ಪಳದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲಿಯ ಚಿತ್ರಗಾರ ಮನೆತನಗಳ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ಅನ್ನುವ ಮಾತಿದೆ. ಹಂಪಿಗೆ ಹೋದಾಗ ರಂಗಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಿ. ಅರ್ಜುನ ಮತ್ಸ್ಯಯಂತ್ರ ಹೊಡೆಯುತ್ತಿದ್ದಾನೆ, ವಿದ್ಯಾರಣ್ಯರ ಪಲ್ಲಕ್ಕಿ ಸಾಗುತ್ತಿದೆ. ಆಮೇಲೆ ಕಿನ್ನಾಳಕ್ಕೆ ಬಂದು ಒಂದು ಗೊಂಬೆಯ ಮುಖ ನೋಡಿ. ಅದೇ ಉದ್ದನೆಯ ಕಣ್ಣು, ಅದೇ ದಪ್ಪ ಗೆರೆ ನಿಮಗೂ ಕಾಣಿಸಬಹುದು.

ಅಲ್ಲಿ ಕಲಿಯುವುದು ಏನು ಅಂತ ಬಿಡಿಸಿ ಹೇಳುತ್ತೇನೆ. ಹಗುರವಾದ ಮರ ಕೆತ್ತಿ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲೆಸಿದರೆ ಕಿಟ್ಟ ಆಗುತ್ತದೆ. ಅದನ್ನು ಮೈಯೆಲ್ಲ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಇಷ್ಟೆಲ್ಲ ಆದಮೇಲೆ ಬಣ್ಣ. ಒಡವೆಯ ಉಬ್ಬುಗೆಲಸವೂ ಆ ಕಲ್ಲಿನ ಪುಡಿಯದೇ.

ನಾನು ಒಮ್ಮೆ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಹಿರಿಯರೊಬ್ಬರು ಗರುಡನ ಮುಖದ ಮುಂದೆ ಕೂತಿದ್ದರು. ಮಾತಾಡುತ್ತಲೇ ಲೇಪದ ಮೇಲೆ ಹೆಬ್ಬೆರಳು ಆಡಿಸಿದರು, ಒಂದು ಕಡೆ ನಿಂತರು. ನನಗೆ ಅಲ್ಲಿ ಏನೂ ಕಾಣಲಿಲ್ಲ. ಅವರು ಹುಡುಗನ ಬೆರಳು ಹಿಡಿದು ಅದೇ ಜಾಗದ ಮೇಲೆ ಎರಡು ಸಲ ಎಳೆದರು. "ಹತ್ತಿತೇನು?" ಅಂದರು. "ಹ್ಞೂಂ ಅಜ್ಜಾ, ಒಂಚೂರು ಉಬ್ಬೈತಿ" ಅಂದ. "ಈಗ ತಿಕ್ಕಲಿಲ್ಲ ಅಂದ್ರ ಬಣ್ಣ ಬಂದ ಮ್ಯಾಲೆ ಅದ ಮೊದಲು ಕಾಣತೈತಿ" ಅಂದು ತಿಕ್ಕುವ ಕಾಗದ ಅವನ ಕೈಗೇ ಕೊಟ್ಟರು. ಬಣ್ಣದ ಮಾತೇ ಬರಲಿಲ್ಲ ಅವತ್ತು. ಇಡೀ ಮಧ್ಯಾಹ್ನ ತಿಕ್ಕುವ ಕೆಲಸ.

ಪಕ್ಕ ಕೂರುವ ಗಂಟೆಯ ಲೆಕ್ಕದಲ್ಲಿ ಕಿನ್ನಾಳವನ್ನು ಮೀರಿಸುವುದು ನಮ್ಮ ಮೂರು ಜಿಲ್ಲೆಯಲ್ಲಿ ನನಗೆ ಗೊತ್ತಿಲ್ಲ. ಸಾಮಗ್ರಿಯ ತಿಳಿವಳಿಕೆಯೂ ಇಲ್ಲೇ ಜಾಸ್ತಿ. ಈಗ ಅಂಗಡಿಯ ಬಣ್ಣವೂ ಅಲ್ಲಿಗೆ ಬಂದಿದೆ, ಆದರೆ ತಳಪಾಯದ ಕೆಲಸ ಮಾಡುವ ರೀತಿ ಉಳಿದಿದೆ. ಇದು ಆ ಊರಿನದೇ ಕೆಲಸ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಬೆಂಗಳೂರಿನ ಸರ್ಕಾರಿ ಕರಕುಶಲ ಮಳಿಗೆ ಕಾವೇರಿಯಲ್ಲಿ ಮಾರಾಟವೂ ಇದೆ.

ಆದರೆ ಇದು ಮನೆತನದ ಕಸುಬು. ಹೊರಗಿನವರು ಹೋಗಿ ವಾರಕ್ಕೆ ನಾಲ್ಕು ಕ್ಲಾಸು ಅಂತ ಕೇಳುವ ಜಾಗ ಅಲ್ಲ. ವಿನಯದಿಂದ ಹೋಗಬೇಕು, ಹೇಳಿದ ಕೆಲಸ ಮಾಡಬೇಕು. ಅವರ ದುಡಿಮೆಯ ಹೊತ್ತನ್ನು ತೆಗೆದುಕೊಳ್ಳುತ್ತೇವೆ, ಅದಕ್ಕೆ ಏನು ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಪುಕ್ಕಟೆ ಕಲಿಯುವ ಯೋಚನೆ ಮಾಡಬೇಡಿ. ಇಲ್ಲಿ ನಿಮ್ಮ ಸ್ವಂತ ಕಲ್ಪನೆಗೆ ಜಾಗ ಕಡಿಮೆ. ಗೌರಿ ಹೀಗೇ, ಗರುಡ ಹೀಗೇ ಅಂತ ಇರುತ್ತದೆ. ಮನಸ್ಸಿಗೆ ಬಂದದ್ದು ಬರೆಯಬೇಕು ಅನ್ನುವ ಹುಡುಗನಿಗೆ ಮೂರು ತಿಂಗಳಲ್ಲಿ ಬೇಜಾರಾಗುತ್ತದೆ. ಗೆರೆಯ ಶಿಸ್ತು ಇಷ್ಟಪಡುವವರಿಗೆ ಇದೇ ಸ್ವರ್ಗ.

ಇದೇ ಸ್ವಭಾವದವರು ಚಿನ್ನದ ರೇಕಿನ ಮೈಸೂರು ಶೈಲಿಯನ್ನೂ ಯೋಚಿಸಬಹುದು. ಸಾಮಗ್ರಿ ದುಬಾರಿ, ಕಣ್ಣಿಗೆ ಶ್ರಮ, ಆದರೆ ಮನೆಯಲ್ಲೇ ಕೂತು ಮಾಡಬಹುದು, ಕೊಳ್ಳುವವರಿದ್ದಾರೆ. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಗರುಡಾದ್ರಿ ಮನೆತನದ ಸೂಕ್ಷ್ಮ ಚಿತ್ರಗಳ ಪರಂಪರೆ ಇದೆ. ತೊಗಲುಗೊಂಬೆಯನ್ನೂ ಮರೆಯಬಾರದು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಗೊಂಬೆಯ ಹಿಂಬದಿಯಲ್ಲಿ ದೀಪ ಹಚ್ಚಿದಾಗ ಬೆಳಕು ಹಾಯಬೇಕಾದ ಬಣ್ಣ ಅದು, ಕಾಗದದ ಮೇಲಿನ ಲೆಕ್ಕ ಅಲ್ಲಿ ನಡೆಯಲ್ಲ.

ಬೋರ್ಡ್ ಪೇಂಟರ್ ಅಂಗಡಿ

ಇದನ್ನು ಹೇಳಿದರೆ ಅಪ್ಪಂದಿರ ಮುಖ ಸಪ್ಪಗಾಗುತ್ತದೆ. ನಾನು ಗೌರವದಿಂದಲೇ ಹೇಳುತ್ತೇನೆ. ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಬ್ಯಾನರ್ ಬರೆದು ಬದುಕಿದವರು. ಕಲಬುರಗಿಯ ಎಸ್.ಎಂ. ಪಂಡಿತ್ (1916-1993) ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರೆದೇ ಹೆಸರಾದರು. ನಮ್ಮ ಅಜ್ಜಿಯರ ದೇವರ ಕೋಣೆಯ ಎಷ್ಟೋ ಮುಖಗಳು ಅವರ ಕುಂಚದವು.

ಅಂಗಡಿಯಲ್ಲಿ ಸಿಗುವ ವಿದ್ಯೆ ದೊಡ್ಡ ಅಳತೆಯದು. ಚಿಕ್ಕ ಫೋಟೋಗೆ ಚೌಕ ಹಾಕಿ ಹತ್ತು ಅಡಿ ಗೋಡೆಗೆ ಏರಿಸುವುದು, ಸುಣ್ಣದ ದಾರ ಚಿಮ್ಮಿಸಿ ನೇರ ಗೆರೆ ಹಾಕುವುದು, 'ಶ್ರೀ' ಅಕ್ಷರದ ಸುತ್ತನ್ನು ಉಸಿರು ಹಿಡಿದು ಒಂದೇ ಎಳೆತದಲ್ಲಿ ಮುಗಿಸುವುದು. ಕನ್ನಡ ಅಕ್ಷರದ ದುಂಡನ್ನು ಇವರಷ್ಟು ಬಲ್ಲವರು ಯಾರೂ ಇಲ್ಲ. ನಾಟಕದ ಪರದೆ ಬರೆದ ಹಿರಿಯರು ಬಳ್ಳಾರಿ ಕಡೆ ಸಿಕ್ಕರೆ ಬಿಡಬೇಡಿ. ಅರಮನೆ, ಕಾಡು, ಬೀದಿಯ ದೃಶ್ಯಗಳನ್ನು ದೂರ ಕೂತವರಿಗೂ ಕಾಣುವಂತೆ ಬರೆಯುವ ಲೆಕ್ಕ ಅವರ ಹತ್ತಿರ ಮಾತ್ರ ಇದೆ.

ಖರ್ಚಿಲ್ಲ, ಮೊದಲ ತಿಂಗಳಿಂದಲೇ ಚಹಾ ದುಡ್ಡಾದರೂ ಬರುತ್ತದೆ. ಆದರೆ ಫ್ಲೆಕ್ಸ್ ಬಂದಮೇಲೆ ಬೋರ್ಡ್ ಕೆಲಸ ಬಹಳ ಇಳಿಯಿತು. ಉಳಿದಿರುವುದು ಶಾಲೆಯ ಗೋಡೆ, ಗುಡಿ, ಟ್ರ್ಯಾಕ್ಟರ್, ಜಾತ್ರೆಯ ಕೆಲಸ. ಹೋಟೆಲ್, ಮನೆಗಳ ಗೋಡೆಗೆ ಚಿತ್ರ ಬರೆಸುವವರು ಈಗ ಇದ್ದಾರೆ, ಅಲ್ಲಿ ಈ ಕಲಿಕೆ ನೇರವಾಗಿ ಉಪಯೋಗ. ಒಂದು ಆರೋಗ್ಯದ ಮಾತು: ಎನಾಮಲ್ ಮತ್ತು ಟರ್ಪೆಂಟೈನ್ ವಾಸನೆ ಮುಚ್ಚಿದ ಕೋಣೆಯಲ್ಲಿ ಕುಡಿಯುತ್ತ ಕೂರಬಾರದು. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಊಟ ಬೇಡ.

ಮೊಬೈಲ್ ಮತ್ತು ಸಂಜೆ ಕ್ಲಾಸು

ಗುರುವಿಲ್ಲದೆ ಕಲಿತವರು ಇಲ್ಲವೇ ಅಂದರೆ ಇದ್ದಾರೆ. ರಾಜಾ ರವಿವರ್ಮ (1848-1906) ತಿರುವನಂತಪುರದ ಅರಮನೆಯಲ್ಲಿ ಎಣ್ಣೆಬಣ್ಣದ ವಿದ್ಯೆಯನ್ನು ಬಹಳಮಟ್ಟಿಗೆ ಬೇರೆಯವರು ಬರೆಯುವುದನ್ನು ನೋಡಿ ಕಲಿತರು. ವ್ಯಾನ್ ಗೋ ಚಿತ್ರಕಾರನಾಗುವ ತೀರ್ಮಾನ ಮಾಡಿದ್ದು 27ನೇ ವಯಸ್ಸಿನಲ್ಲಿ, 1880ರಲ್ಲಿ. ಬಾರ್ಗ್ ಅನ್ನುವವನ ಅಭ್ಯಾಸ ಚಿತ್ರಗಳನ್ನು ತರಿಸಿಕೊಂಡು ಮತ್ತೆ ಮತ್ತೆ ನಕಲು ಮಾಡಿದ. ಗಮನಿಸಿ, ಅವನು ಹಿಡಿದ ಪಾಠವನ್ನು ಪೂರ್ತಿ ಮಾಡಿದ. ನಾವು ಇವತ್ತು ಒಂದು ವೀಡಿಯೊ, ನಾಳೆ ಇನ್ನೊಂದು. ಮೂರು ನಿಮಿಷದಲ್ಲಿ ಸೂರ್ಯಾಸ್ತ ಬರೆಯುವ ವೀಡಿಯೊ ನೂರು ನೋಡಿದರೂ ಕೈಗೆ ಏನೂ ಇಳಿಯಲ್ಲ, ಅಲ್ವಾ?

ನೌಕರಿಯಲ್ಲಿರುವವರಿಗೆ, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಇದೇ ಸರಿಯಾದ ದಾರಿ. ಒಂದೇ ಪಾಠಮಾಲೆ ಹಿಡಿಯಿರಿ. ತಿಂಗಳಿಗೆ ಎರಡು ಸಲವಾದರೂ ಬಲ್ಲವರೊಬ್ಬರಿಗೆ ಹಾಳೆಗಳನ್ನು ತೋರಿಸಿ. ನಿವೃತ್ತ ಡ್ರಾಯಿಂಗ್ ಮಾಸ್ತರರು ಪ್ರತಿ ತಾಲ್ಲೂಕಿನಲ್ಲಿದ್ದಾರೆ, ಕೇಳಿದರೆ ಸಂತೋಷಪಡುತ್ತಾರೆ. ಬಣ್ಣದಲ್ಲಿ ಜಲವರ್ಣದಿಂದ ಶುರು ಮಾಡಿ, ಕಡಿಮೆ ಖರ್ಚು. ರಾಯಚೂರಿನ ಬೇಸಿಗೆಯಲ್ಲಿ ಅಕ್ರಿಲಿಕ್ ತಟ್ಟೆಯಲ್ಲೇ ಒಣಗಿ ಸಿಪ್ಪೆಯಾಗುತ್ತದೆ, ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಮೇಲೆ ಬೆಣ್ಣೆ ಕಾಗದ ಇಟ್ಟುಕೊಂಡರೆ ಸ್ವಲ್ಪ ತಡೆಯುತ್ತದೆ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಮನೆಯಲ್ಲಿ ಧೂಳು ಬರುವ ಕಡೆ ಅದಕ್ಕೆ ಕೈ ಹಾಕಬೇಡಿ.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ

ಯಾವ ದಾರಿ ಅಂತ ಇನ್ನೂ ಗೊತ್ತಾಗದಿದ್ದರೆ ನಾನು ಹುಡುಗರಿಗೆ ಒಂದು ಕೆಲಸ ಹೇಳುತ್ತೇನೆ. ಸಂಡೂರು ಕಡೆಯ ಕೆಮ್ಮಣ್ಣು ಒಂದು ಹಿಡಿ ತನ್ನಿ. ನೀರಿನಲ್ಲಿ ಕಲಕಿ, ದಪ್ಪ ಮರಳು ತಳಕ್ಕೆ ಕೂತ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಬಟ್ಟಲಿಗೆ ಬಸಿಯಿರಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ಕೆಂಪು ಕೂತಿರುತ್ತದೆ. ಒಣಗಿಸಿ, ಅರೆದು, ಕರಗಿಸಿದ ಜಾಲಿ ಅಂಟು ಸೇರಿಸಿದರೆ ಜಲವರ್ಣ ಸಿದ್ಧ. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತುತ್ತದೆ, ಜಾಸ್ತಿಯಾದರೆ ಹೊಳೆದು ಬಿರಿಯುತ್ತದೆ. ಇದು ಜಾಜು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದಿನವರು ಬರೆದದ್ದೂ ಇಂಥ ಕೆಂಪಿನಲ್ಲೇ.

ಆ ಬಣ್ಣದಲ್ಲಿ ಒಂದು ತಿಂಗಳು, ದಿನಕ್ಕೊಂದು, ಮನೆಯ ವಸ್ತು ಬರೆಯಲಿ. ತಂಬಿಗೆ, ಮೊರ, ಅಪ್ಪನ ಚಪ್ಪಲಿ. ಬಣ್ಣ ಮಾಡುವುದರಲ್ಲೇ ಮೈಮರೆತವನು ಕಿನ್ನಾಳಕ್ಕೆ ಹೋಗಬಹುದು. ತಂಬಿಗೆಯನ್ನು ಏಳು ಕಡೆಯಿಂದ ಬರೆದು ಎಂಟನೆಯದಕ್ಕೆ ಹೊರಟವನು ಕಾಲೇಜಿಗೆ. ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಮ್ಮನ ಹತ್ತಿರ ಬೈಸಿಕೊಂಡವನಿಗೆ ಪೇಂಟರ್ ಅಂಗಡಿ. ಹತ್ತೇ ದಿನಕ್ಕೆ ಬಿಟ್ಟವನನ್ನು ಬೈಯಬೇಡಿ, ಅವನಿಗೆ ಮೊಬೈಲ್ ಮತ್ತು ಭಾನುವಾರ ಸಾಕು, ಓದಿಗೆ ಕಳಿಸಿ.

ಎರಡನ್ನು ಕೂಡಿಸಲೂಬಹುದು. ವೆಂಕಟಪ್ಪನವರ ಮಾತು ನೆನಪಿಡಿ ಅಂದಿದ್ದು ಇದಕ್ಕೇ. ಕಳೆದ ವರ್ಷ ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬ ಅಪ್ಪನಿಗೆ ಎರಡು ಎಕರೆ ಒಣಬೇಸಾಯ, ಮೂವರು ಮಕ್ಕಳು. ನೇರ ಮೈಸೂರು ಅನ್ನಲು ನನಗೆ ಬಾಯಿ ಬರಲಿಲ್ಲ. "ಪಿಯುಸಿ ಎರಡು ವರ್ಷ ಊರಲ್ಲೇ ಓದಲಿ, ಭಾನುವಾರ ಕಿನ್ನಾಳಕ್ಕೆ ಹೋಗಲಿ, ರಜೆಯಲ್ಲಿ ಪೇಂಟರ್ ಹತ್ತಿರ ದುಡಿದು ಸ್ವಲ್ಪ ಕೂಡಿಡಲಿ, ಆಮೇಲೆ ಕಲ್ಯಾಣ ಕರ್ನಾಟಕದ ಕೋಟಾದಲ್ಲಿ ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕೋಣ" ಅಂದೆ. ಆ ಹುಡುಗ ಈಗ ಎರಡನೇ ಪಿಯುಸಿ. ಹೋದ ಭಾನುವಾರ ಸಂಜೆ ಬಸ್ ಇಳಿದು ನೇರ ನಮ್ಮ ಮನೆಗೆ ಬಂದಿದ್ದ. ಉಗುರಿನ ಸಂದಿಯಲ್ಲಿ ಬೆಣಚುಕಲ್ಲಿನ ಬಿಳಿ ಪುಡಿ ಹಾಗೇ ಇತ್ತು. "ಸರ್ರ, ಇವತ್ತ ಕಣ್ಣ ಬರ್ಯಾಕ ಕೊಟ್ರು" ಅಂದ.